ಮೆಚ್ಚಿಕೊಳ್ಳೋಕೆ ಯಾಕಿಷ್ಟು ಜಿಪುಣತನ?

"ಅಪ್ಪಾ, ಅವತ್ತು ನೀನು ಮಾಡಿದ ಬುಷ್ ಎಷ್ಟು ಚಂದ ಇತ್ತು ಗೊತ್ತಾ?" ಅಂದೆ. ರೊಟ್ಟಿ ಮುರಿಯುತ್ತಿದ್ದ ಅಪ್ಪನ ಕೈ ಅಲ್ಲಿಗೇ ನಿಂತಿತು. ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಕೇಳಿದ: "ಯಾಕವ್ವಾ, ರೊಕ್ಕ ಏನಾರ ಬೇಕಾಗಿತ್ತೇನು?"

ಅಮ್ಮ ನಕ್ಕಳು. ತಮ್ಮ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಆದರೆ ರಾತ್ರಿ ಮಲಗಿದ ಮೇಲೆ ಆ ಪ್ರಶ್ನೆ ಚುಚ್ಚತೊಡಗಿತು. ಅಪ್ಪ ಕೇಳಿದ್ದರಲ್ಲಿ ತಪ್ಪೇನಿತ್ತು? ನನಗೀಗ 24 ವರ್ಷ. ಇಷ್ಟು ವರ್ಷಗಳಲ್ಲಿ ಅಪ್ಪನ ಬಗ್ಗೆ ನಾನು ಒಳ್ಳೆಯ ಮಾತಾಡಿದ್ದು ಯಾವಾಗ ಎಂದು ಲೆಕ್ಕ ಹಾಕಿದೆ. ಕಾಲೇಜಿನ ಪ್ರವಾಸಕ್ಕೆ ದುಡ್ಡು ಕೇಳುವಾಗ ಒಮ್ಮೆ. ಮೊಬೈಲ್ ಬೇಕಾದಾಗ ಒಮ್ಮೆ. ಪರೀಕ್ಷೆಯ ಅರ್ಜಿ ಶುಲ್ಕ ಕಟ್ಟುವಾಗೆಲ್ಲ. ಅಂದರೆ ನನ್ನ ಬಾಯಿಂದ ಸಿಹಿ ಮಾತು ಬಂತೆಂದರೆ ಅದರ ಹಿಂದೆಯೇ ಒಂದು ಬಿಲ್ ಬರುತ್ತದೆ ಎಂಬುದು ಅಪ್ಪನಿಗೆ ಅನುಭವದಿಂದ ಗೊತ್ತು.

ನಮ್ಮದು ಹರಿಹರ ತಾಲ್ಲೂಕಿನ ಭಾನುವಳ್ಳಿ. ಸುತ್ತ ಭದ್ರಾ ನಾಲೆ ನೀರಿನ ಭತ್ತದ ಗದ್ದೆಗಳು. ಅಪ್ಪನಿಗೆ ಮಾತ್ರ ಗದ್ದೆ ಕಡಿಮೆ, ಲೇತ್ ಜಾಸ್ತಿ. ಹರಿಹರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಟರ್ನರ್. ಇಂದಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ಹರಿಹರ ಒಂದು ಕಾಲಕ್ಕೆ ಲೇತ್ ಯಂತ್ರಗಳ ಊರು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳು ದೂರದೂರದ ವರ್ಕ್‌ಶಾಪ್‌ಗಳಿಗೆ ಹೋಗುತ್ತಿದ್ದವು. ಆ ಕಾರ್ಖಾನೆ ಈಗಿಲ್ಲ. ಕಸುಬು ಮಾತ್ರ ಊರಿನ ಸಣ್ಣ ಸಣ್ಣ ಶೆಡ್ಡುಗಳಲ್ಲಿ ಉಳಿದುಕೊಂಡಿದೆ. ಅಂಥ ಒಂದು ಶೆಡ್ಡಿನಲ್ಲಿ ಅಪ್ಪ ದಿನವಿಡೀ ನಿಂತಿರುತ್ತಾನೆ. ಅಕ್ಕಿ ಗಿರಣಿಯ ಶಾಫ್ಟು, ಟ್ರ್ಯಾಕ್ಟರಿನ ಪಿನ್ನು, ಪಂಪಿನ ಬುಷ್ಷು ಹೀಗೆ ಏನು ತಂದರೂ ಮಾಡಿಕೊಡುತ್ತಾನೆ.

ನಾನು ಹೇಳಿದ ಬುಷ್ಷಿನ ಕಥೆ ಇಷ್ಟು. ಬೇಸಿಗೆ ಭತ್ತದ ಕೊಯ್ಲಿನ ಹೊತ್ತು. ದಾವಣಗೆರೆಯಿಂದ ಬರುವಾಗ ಅಪ್ಪನ ಜೊತೆಗೇ ಊರಿಗೆ ಹೋಗೋಣವೆಂದು ವರ್ಕ್‌ಶಾಪಿಗೆ ಹೋದೆ. ಭತ್ತ ಕೊಯ್ಯುವ ಯಂತ್ರದ ಬುಷ್ ಸವೆದು ಹೋಗಿ ರೈತರೊಬ್ಬರು ಬಾಗಿಲಲ್ಲೇ ಕೂತಿದ್ದರು. ಆಕಾಶದಲ್ಲಿ ಮೋಡ. ಮಳೆ ಬಂದರೆ ನಿಂತ ಪೈರು ಮಲಗುತ್ತದೆ. ಅಪ್ಪ ಮಾತಾಡಲಿಲ್ಲ. ಗನ್‌ಮೆಟಲ್ ತುಂಡನ್ನು ಲೇತಿಗೆ ಕಟ್ಟಿದ. ಒಂದಿಷ್ಟು ಕಡೆಯುವುದು, ನಿಲ್ಲಿಸುವುದು, ಅಳೆಯುವುದು. ಮತ್ತೆ ಕಡೆಯುವುದು, ಮತ್ತೆ ಅಳೆಯುವುದು. ಹತ್ತು ಸಲವಾದರೂ ಅಳೆದಿರಬೇಕು. ನನಗೆ ಬೇಸರ ಬಂದು ಮೊಬೈಲ್ ತೆಗೆದೆ. ಕೊನೆಗೆ ಶಾಫ್ಟನ್ನು ಬುಷ್ಷಿನೊಳಗೆ ಇಟ್ಟ. ಸುತ್ತಿಗೆ ಮುಟ್ಟಲಿಲ್ಲ. ಹೆಬ್ಬೆರಳಿನಿಂದ ಒತ್ತಿದ. ಸದ್ದಿಲ್ಲದೆ ಇಳಿದು ಕೂತಿತು. ಒಂದು ಕೂದಲೆಳೆ ಹೆಚ್ಚಿದ್ದರೆ ಹೋಗುತ್ತಿರಲಿಲ್ಲ, ಕಡಿಮೆಯಿದ್ದರೆ ಗಡಗಡ ಅಲ್ಲಾಡುತ್ತಿತ್ತು.

ರೈತರು ಏನಂದರು ಗೊತ್ತೇ? "ಐವತ್ತು ಕಮ್ಮಿ ಮಾಡ್ಕೊಳ್ರಿ." ಅಷ್ಟೇ. ಅವರನ್ನು ದೂರಲಾರೆ, ಅವರ ತಲೆಯಲ್ಲಿ ಮೋಡವಿತ್ತು. ಆದರೆ ಅಪ್ಪನ ಕಸುಬಿನಲ್ಲಿ ದಿನವೂ ಹೀಗೆಯೇ. ಕೆಲಸ ಕೆಟ್ಟರೆ ಗಿರಾಕಿ ಬಂದು ಬೈಯುತ್ತಾರೆ, ಚೆನ್ನಾಗಾದರೆ ಬರುವುದೇ ಇಲ್ಲ. ಮರಳಿ ಬಾರದ ಗಿರಾಕಿಯೇ ಅಪ್ಪನಿಗೆ ಸಿಗುವ ಸರ್ಟಿಫಿಕೇಟು.

ಇಷ್ಟು ವರ್ಷ ಕಾಣದಿದ್ದ ಹೆಬ್ಬೆರಳು ಅವತ್ತು ನನಗೆ ಕಂಡದ್ದು ಹೇಗೆ? ಅದಕ್ಕೆ ಕಾರಣ ದಾವಣಗೆರೆಯ ಒಬ್ಬ ಗೆಳತಿ. ಆಕೆಯ ಮಾತು ಹೇಳುವ ಮುನ್ನ ನನ್ನ ಒಂದು ಗುಟ್ಟನ್ನು ಹೇಳಿಬಿಡಬೇಕು.

ಎಸ್ಸೆಸ್ಸೆಲ್ಸಿಯಲ್ಲಿ ನನಗೆ 625ಕ್ಕೆ 588 ಬಂದಿತ್ತು. ಊರಲ್ಲಿ ನನ್ನ ಫೋಟೊ ಹಾಕಿ ಫ್ಲೆಕ್ಸ್ ಕಟ್ಟಿದರು. 'ನಮ್ಮೂರ ಹೆಮ್ಮೆಯ ಪುತ್ರಿ' ಅಂತ. ಅಂದಿನಿಂದ ನಾನು ಎಲ್ಲರ ಬಾಯಲ್ಲೂ 'ಜಾಣೆ'. ಮದುವೆ ಮನೆಗೆ ಹೋದರೂ ಜಾಣೆ, ಹಿಟ್ಟಿನ ಗಿರಣಿಗೆ ಹೋದರೂ ಜಾಣೆ. ಕೇಳುವಾಗ ಹಿತವಾಗಿತ್ತು, ಸುಳ್ಳೇಕೆ ಹೇಳಲಿ. ಆದರೆ ಪಿಯುಸಿಯಲ್ಲಿ ಭೌತಶಾಸ್ತ್ರದ ಮೊದಲ ಟೆಸ್ಟಿನಲ್ಲೇ ಕೆಳಗೆ ಬಿದ್ದೆ. ಆ ಪೇಪರ್ ಮನೆಗೆ ಬರಲೇ ಇಲ್ಲ. ಕಷ್ಟದ ಲೆಕ್ಕ ಕಂಡರೆ ಕೈ ಹಾಕದೆ ಪುಟ ತಿರುವುವುದನ್ನು ಕಲಿತೆ. ಮಾಡಲು ಹೋಗಿ ಬಾರದಿದ್ದರೆ ಜಾಣೆ ಅಲ್ಲವೆಂದು ಗೊತ್ತಾಗಿಬಿಡುತ್ತದಲ್ಲ! ಡಿಗ್ರಿ ಮುಗಿದು ನೇಮಕಾತಿ ಪರೀಕ್ಷೆಗಳಿಗೆ ಓದತೊಡಗಿದ ಮೇಲೂ ಇದೇ ಪಾಡು. ಒಂದು ಪರೀಕ್ಷೆಯ ಫಲಿತಾಂಶ ಬಂದು ಎರಡು ತಿಂಗಳಾದರೂ ಮನೆಯಲ್ಲಿ "ಇನ್ನೂ ರಿಸಲ್ಟ್ ಬಂದಿಲ್ಲ" ಎಂದೇ ಹೇಳುತ್ತಿದ್ದೆ.

ಇದು ನನ್ನೊಬ್ಬಳ ರೋಗ ಎಂದುಕೊಂಡಿದ್ದೆ. ಆಮೇಲೆ ಓದಿದೆ, 1998ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ ಐದನೇ ತರಗತಿಯ ಮಕ್ಕಳ ಮೇಲೆ ಮಾಡಿದ ಪ್ರಯೋಗಗಳ ಬಗ್ಗೆ. ಸಮಸ್ಯೆಗಳನ್ನು ಬಿಡಿಸಿದ ಕೆಲವು ಮಕ್ಕಳಿಗೆ "ನೀನು ಬುದ್ಧಿವಂತ" ಎಂದರು, ಇನ್ನು ಕೆಲವರಿಗೆ "ಚೆನ್ನಾಗಿ ಶ್ರಮ ಹಾಕಿದ್ದೀಯ" ಎಂದರು. ಮುಂದೆ ಕಷ್ಟದ ಸಮಸ್ಯೆ ಕೊಟ್ಟು ಸೋಲುವಂತೆ ಮಾಡಿದಾಗ ಬುದ್ಧಿವಂತ ಎನಿಸಿಕೊಂಡ ಮಕ್ಕಳು ಬೇಗ ಕೈಚೆಲ್ಲಿದರು. ತಮಗೆ ಬಂದ ಅಂಕವನ್ನು ಬರೆಯಿರಿ ಎಂದಾಗ ಹೆಚ್ಚಿಸಿ ಬರೆದವರೂ ಈ ಗುಂಪಿನಲ್ಲೇ ಹೆಚ್ಚು. ಅದನ್ನು ಓದಿ ನನ್ನ ಕಿವಿ ಬಿಸಿಯಾಯಿತು. ಬಸವಣ್ಣನವರು ಹೊಗಳಿಕೆಯನ್ನು ಹೊನ್ನಶೂಲ ಎಂದು ಕರೆದದ್ದನ್ನು ಶಾಲೆಯಲ್ಲಿ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಶೂಲ ಚಿನ್ನದ್ದಾದರೂ ಚುಚ್ಚುವುದು ಒಂದೇ ರೀತಿ ಎಂದು ಅರ್ಥವಾಗಲು ಆ ಫ್ಲೆಕ್ಸ್ ಬೇಕಾಯಿತು.

ಈಗ ಗೆಳತಿಯ ವಿಷಯ. ದಾವಣಗೆರೆಯ ಗ್ರಂಥಾಲಯವೊಂದರಲ್ಲಿ ನಾವು ಓದಲು ಕೂರುತ್ತೇವೆ. ಬೆಳಿಗ್ಗೆ ಬೇಗ ಹೋಗದಿದ್ದರೆ ಫ್ಯಾನಿನ ಕೆಳಗಿನ ಜಾಗ ಸಿಗುವುದಿಲ್ಲ. ಅಲ್ಲಿ ಎಲ್ಲರೂ ಗೆಳೆಯರೇ, ಎಲ್ಲರೂ ಎದುರಾಳಿಗಳೇ. ಇರುವ ಹುದ್ದೆ ಕೆಲವೇ, ಅರ್ಜಿ ಹಾಕಿದವರು ಲಕ್ಷಗಟ್ಟಲೆ. ಪಕ್ಕದವರ ನೋಟ್ಸ್ ಕದ್ದು ನೋಡುತ್ತೇವೆ, ಚೆನ್ನಾಗಿದೆ ಎಂದು ಮಾತ್ರ ಹೇಳುವುದಿಲ್ಲ. ಜಗಳೂರು ಕಡೆಯ ಈ ಹುಡುಗಿ ನನ್ನ ಪಕ್ಕ ಕೂರುತ್ತಿದ್ದಳು. ಗಣಿತವೆಂದರೆ ಆಕೆಗೆ ಜ್ವರ. 'ಕಾಲ ಮತ್ತು ಕೆಲಸ'ದ ಲೆಕ್ಕವನ್ನು ಒಮ್ಮೆ ಹೇಳಿಕೊಟ್ಟೆ, ತಲೆಗೆ ಹೋಗಲಿಲ್ಲ. ಆಮೇಲೆ ಪುಸ್ತಕ ಮುಚ್ಚಿಟ್ಟು, "ನಮ್ಮೂರ ಗದ್ದೆಯಲ್ಲಿ ಹನ್ನೆರಡು ಹೆಣ್ಣಾಳು ನಾಟಿಗೆ ಇಳಿದಾರೆ ಅಂದ್ಕೋ. ಮಧ್ಯಾಹ್ನ ನಾಲ್ವರು ಮನೆಗೆ ಹೋದ್ರು" ಎಂದು ಶುರು ಮಾಡಿದೆ. ಬಂತು ಆಕೆಗೆ.

ಮತ್ತೊಂದು ಪರೀಕ್ಷೆಯಲ್ಲೂ ಕೆಲವೇ ಅಂಕಗಳಿಂದ ಕೈತಪ್ಪಿದ ದಿನ ನಾನು ಪುಸ್ತಕಗಳನ್ನೆಲ್ಲ ಚೀಲಕ್ಕೆ ತುಂಬುತ್ತಿದ್ದೆ. ಇನ್ನು ಬರುವುದಿಲ್ಲ ಎಂದು ಯಾರಿಗೂ ಹೇಳಿರಲಿಲ್ಲ, ನನ್ನೊಳಗೆ ತೀರ್ಮಾನವಾಗಿತ್ತು. ಆಕೆ ತನ್ನ ಪುಸ್ತಕದಿಂದ ತಲೆ ಎತ್ತದೆಯೇ ಹೇಳಿದಳು: "ನಿನ್ನತ್ರ ಒಂದು ಐತಿ ನೋಡು. ತಿಳೀಲಿಲ್ಲ ಅಂದ್ರೆ ಅದನ್ನೇ ಜೋರಾಗಿ ಹೇಳಲ್ಲ. ಬ್ಯಾರೆ ಥರ ಹೇಳ್ತೀಯ. ನಂಗೆ ಯಾರೂ ಹಂಗೆ ಹೇಳಿಕೊಟ್ಟಿರಲಿಲ್ಲ."

ಅಷ್ಟೇ. ಸಮಾಧಾನ ಮಾಡಲಿಲ್ಲ, "ನೀನು ಜಾಣೆ, ಮುಂದಿನ ಸಲ ಆಗುತ್ತೆ" ಎನ್ನಲಿಲ್ಲ. ಆಕೆಗೆ ನನ್ನಿಂದ ಏನೂ ಬೇಕಿರಲಿಲ್ಲ. ತಾನು ಕಂಡದ್ದನ್ನು ಹೇಳಿದಳು. ನಾನೂ ಆ ಲೆಕ್ಕ ಹೇಳಿಕೊಟ್ಟದ್ದನ್ನು ನೆನಪಿಸಿಕೊಂಡೆ. ಹೌದು, ಹಾಗೆ ಮಾಡಿದ್ದೆ. ಅಂಕಪಟ್ಟಿ ಏನೇ ಹೇಳಲಿ, ಅದು ಮಾತ್ರ ಸುಳ್ಳಲ್ಲ. ಮರುದಿನ ಮತ್ತೆ ಗ್ರಂಥಾಲಯಕ್ಕೆ ಹೋದೆ. ಆ ವಾರವೇ ಮನೆಯಲ್ಲಿ ಎರಡೂ ಪರೀಕ್ಷೆಗಳ ನಿಜ ಹೇಳಿದೆ. ಸ್ವಲ್ಪ ದಿನಕ್ಕೆ ಒಂದು ಖಾಸಗಿ ಶಾಲೆಯ ಸಂದರ್ಶನದಲ್ಲಿ "ನಿಮ್ಮಲ್ಲಿರುವ ಒಳ್ಳೆಯ ಗುಣ ಯಾವುದು?" ಎಂಬ ಮಾಮೂಲಿ ಪ್ರಶ್ನೆ ಬಂತು. ಹಿಂದೆಲ್ಲ "ಕಠಿಣ ಪರಿಶ್ರಮಿ, ಸಮಯಪಾಲನೆ" ಎಂದು ಗಿಳಿಪಾಠ ಒಪ್ಪಿಸುತ್ತಿದ್ದೆ. ಈ ಸಲ ಗೆಳತಿ ಹೇಳಿದ್ದನ್ನೇ ಹೇಳಿ, ನಾಟಿಯ ಲೆಕ್ಕವನ್ನೂ ಬಿಡಿಸಿ ತೋರಿಸಿದೆ. ಈಗ ಆರು, ಏಳನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಸಂಬಳದ ಬಗ್ಗೆ ಕೇಳಬೇಡಿ. ಸಂಜೆಯ ಓದು ನಡೆದೇ ಇದೆ.

ಒಂದು ಮಾತಿಗೆ ಇಷ್ಟು ಶಕ್ತಿಯಿದ್ದರೆ ನಾವು ಯಾಕೆ ಅದನ್ನು ಗಂಟಲಲ್ಲೇ ಇಟ್ಟುಕೊಳ್ಳುತ್ತೇವೆ? ನಮ್ಮ ಮನೆಗಳಲ್ಲಿ ಮೊದಲ ಅಡ್ಡಿ ದೃಷ್ಟಿ. ಮಗು ದುಂಡಗಿದೆ ಎಂದರೆ ಸಾಕು, ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾರೆ. ಪ್ರೀತಿಯಿಂದಲೇ ಮಾಡುವುದು. ಆದರೆ ಒಳ್ಳೆಯ ಮಾತಿನ ಬೆನ್ನಿಗೇ ಕೆಡುಕು ಬರುತ್ತದೆಂಬ ಅಂಜಿಕೆ ಮಕ್ಕಳಲ್ಲಿ ಹಾಗೇ ಕೂರುತ್ತದೆ. ಹಳೆಯ ಸಂಸ್ಕೃತ ಸುಭಾಷಿತವೊಂದು ಯಾರನ್ನು ಯಾವಾಗ ಹೊಗಳಬೇಕು ಎಂಬುದಕ್ಕೆ ಪಟ್ಟಿಯನ್ನೇ ಕೊಡುತ್ತದೆ. ಗುರುಗಳನ್ನು ಎದುರಿಗೆ, ಗೆಳೆಯರನ್ನೂ ನೆಂಟರನ್ನೂ ಬೆನ್ನ ಹಿಂದೆ, ಆಳುಗಳನ್ನು ಕೆಲಸ ಮುಗಿದ ಮೇಲೆ. ಮಕ್ಕಳನ್ನು? ಎಂದಿಗೂ ಇಲ್ಲ! ನಮ್ಮ ಅಪ್ಪಂದಿರು ಯಾರೂ ಈ ಶ್ಲೋಕ ಓದಿದವರಲ್ಲ, ಆದರೂ ಅಕ್ಷರ ತಪ್ಪದೆ ಪಾಲಿಸುತ್ತಾರೆ. ಹೆತ್ತವರನ್ನು ಮಕ್ಕಳು ಯಾವಾಗ ಹೊಗಳಬೇಕು ಎಂಬುದು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ ನೋಡಿ.

ಕಾಲೇಜಿನಲ್ಲಿ ಅಡ್ಡಿ ಬೇರೆ. ಪಾಠ ಚೆನ್ನಾಗಿತ್ತು ಎಂದು ಮೇಷ್ಟ್ರಿಗೆ ಹೇಳಲು ಸ್ಟಾಫ್ ರೂಮಿನ ಕಡೆ ಹೆಜ್ಜೆ ಇಟ್ಟರೆ ಹಿಂದಿನಿಂದ "ಬಕೆಟ್ ಹಿಡಿಯೋಕೆ ಹೊಂಟಳು" ಎನ್ನುತ್ತಾರೆ. ಇಂಟರ್ನಲ್ ಮಾರ್ಕ್ಸಿಗಾಗಿ ಬಕೆಟ್ ಹಿಡಿಯುವವರು ಇರುವುದೂ ನಿಜವೇ. ಬೆಣ್ಣೆ ದೋಸೆಯ ಊರಿನವರಿಗೆ ದೋಸೆಯ ಮೇಲಿನ ಬೆಣ್ಣೆ ಯಾವುದು, ಮಾತಿನ ಬೆಣ್ಣೆ ಯಾವುದು ಎಂದು ನಾನು ಹೇಳಿಕೊಡಬೇಕಿಲ್ಲ. ಆದರೂ ಮಾರ್ಕ್ಸ್ ಎಲ್ಲ ಹಾಕಿ ಮುಗಿದ ಮೇಲೆ, ಡಿಗ್ರಿ ಕೈಗೆ ಬಂದ ಮೇಲೆ ಎಷ್ಟು ಜನ ಹೋಗಿ ಆ ಮೇಷ್ಟ್ರಿಗೆ "ಸರ್, ನೀವು ಹೇಳಿದ ಇಂಥ ಪಾಠ ನನಗೆ ಉಪಯೋಗಕ್ಕೆ ಬಂತು" ಎಂದಿದ್ದೇವೆ? ಆಗ ಬಕೆಟ್ ಎನ್ನುವವರೂ ಇರುವುದಿಲ್ಲ.

ಹುಡುಗರು ಬೇಸರಿಸಬಾರದು, ಇನ್ನೊಂದು ಮಾತು ಹೇಳಲೇಬೇಕು. ಬಸ್ಸಿನಲ್ಲಿ ಗುರುತಿಲ್ಲದ ಹುಡುಗಿಗೆ "ಸೂಪರ್ ಆಗಿದೀರ" ಎನ್ನುವುದು ಮೆಚ್ಚುಗೆಯಲ್ಲ. ಅದನ್ನು ಕೇಳಿದವಳು ಮುಂದಿನ ಸ್ಟಾಪಿನಲ್ಲಿ ಇಳಿಯಬೇಕೆನಿಸುತ್ತದೆ. ಅದೇ ಹುಡುಗ ಸೆಮಿನಾರ್ ಮುಗಿದ ಮೇಲೆ "ನೀವು ಕೊನೆಯಲ್ಲಿ ಕೊಟ್ಟ ಉದಾಹರಣೆಯಿಂದ ನನಗೆ ವಿಷಯ ತಿಳಿಯಿತು" ಎಂದು ಹೇಳಿ ತನ್ನ ಪಾಡಿಗೆ ಹೋದರೆ? ನಮ್ಮ ಕ್ಲಾಸಿನಲ್ಲಿ ಹಾಗೆ ಹೇಳಿ ಹೋದವನೊಬ್ಬನಿದ್ದ. ಹೆಸರು ಮರೆತಿದ್ದೇನೆ, ಮಾತು ಮರೆತಿಲ್ಲ.

ಇನ್ನು ಸಂಕೋಚ. ಹೇಳಿದರೆ ಅವರೇನು ಅಂದುಕೊಳ್ಳುತ್ತಾರೋ ಎಂಬ ಅಳುಕು. ಎರಿಕಾ ಬೂತ್‌ಬಿ ಮತ್ತು ವನೆಸ್ಸಾ ಬಾನ್ಸ್ ಎಂಬ ಇಬ್ಬರು ಸಂಶೋಧಕಿಯರು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದನ್ನೇ ಪರೀಕ್ಷಿಸಿದರು. ಗುರುತಿಲ್ಲದವರ ಹತ್ತಿರ ಹೋಗಿ ಅವರಲ್ಲಿ ಇಷ್ಟವಾದದ್ದನ್ನು ಹೇಳಿಬನ್ನಿ ಎಂದು ಜನರನ್ನು ಕಳುಹಿಸಿದರು. ಹೇಳುವವರು ಅಂದುಕೊಂಡದ್ದಕ್ಕಿಂತ ಕೇಳಿದವರಿಗೆ ಹೆಚ್ಚು ಸಂತೋಷವಾಗಿತ್ತು, ಅಂದುಕೊಂಡಷ್ಟು ಮುಜುಗರ ಆಗಿರಲಿಲ್ಲ. ಅಂದರೆ ಅಳುಕೆಲ್ಲ ನಮ್ಮ ಕಡೆಯದ್ದೇ. ಇದನ್ನು ಓದಿದ ಮೇಲೆ ಒಂದು ದಿನ ದೋಸೆ ಹೋಟೆಲಿನಲ್ಲಿ ದುಡ್ಡು ಕೊಟ್ಟು ಹೊರಡುವಾಗ, ಒಲೆಯ ಝಳದಲ್ಲಿ ನಿಂತಿದ್ದ ಅಣ್ಣನಿಗೆ "ಅಂಚು ಒಂಚೂರೂ ಸೀದಿರಲಿಲ್ಲಣ್ಣ, ಗರಿಗರಿ ಇತ್ತು" ಎಂದೆ. ಅವರು ಏನೂ ಹೇಳಲಿಲ್ಲ. ಕಾವಲಿ ಒರೆಸುತ್ತಿದ್ದ ಕೈ ಮಾತ್ರ ಒಂದು ಕ್ಷಣ ನಿಧಾನವಾಯಿತು.

ನಮ್ಮೂರಲ್ಲಿ ಒಳ್ಳೆಯ ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆಯುವುದು ಎರಡು ಫ್ಲೆಕ್ಸುಗಳಲ್ಲಿ. ಒಂದು ಪರೀಕ್ಷೆಯಲ್ಲಿ ಪಾಸಾದವರಿಗೆ, ಇನ್ನೊಂದು ತೀರಿಕೊಂಡವರಿಗೆ. 'ಸರಳ ಸಜ್ಜನಿಕೆಯ, ಕಷ್ಟಜೀವಿ, ಸದಾ ಹಸನ್ಮುಖಿ' ಎಂದೆಲ್ಲ ಎರಡನೆಯದರಲ್ಲಿ ಓದುವಾಗ, ಇದನ್ನು ಅವರು ಒಮ್ಮೆಯಾದರೂ ಕೇಳಿಸಿಕೊಂಡಿದ್ದರೇ ಎಂದು ಯೋಚಿಸುತ್ತೇನೆ.

ಹಾಗೆಂದು ನಮ್ಮ ಜನಕ್ಕೆ ಮೆಚ್ಚಲು ಬರುವುದೇ ಇಲ್ಲ ಎಂದರೆ ತಪ್ಪಾಗುತ್ತದೆ. ದಾವಣಗೆರೆ ನಾಟಕ ಕಂಪನಿಗಳ ನೆಲ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಹೆಸರು ಕೇಳಿದರೆ ಈಗಲೂ ಹಿರಿಯರ ಕಣ್ಣು ಅರಳುತ್ತವೆ. ಹಳ್ಳಿಯ ಹವ್ಯಾಸಿ ನಾಟಕಗಳಲ್ಲೂ ಒಂದು ಪದ್ಧತಿಯಿದೆ. ಪಾತ್ರ ಇಷ್ಟವಾದರೆ ನೋಡುತ್ತಿದ್ದವರೇ ವೇದಿಕೆ ಹತ್ತಿ ಪಾತ್ರಧಾರಿಯ ಅಂಗಿಗೆ ನೋಟು ಸಿಕ್ಕಿಸುತ್ತಾರೆ. ಮೈಕಿನಲ್ಲಿ ಕೊಟ್ಟವರ ಹೆಸರು, ಪಡೆದವರ ಹೆಸರು, ಯಾವ ಪಾತ್ರ ಎಂದೆಲ್ಲ ಕೂಗುತ್ತಾರೆ. ನಾಟಕ ಅರ್ಧಕ್ಕೆ ನಿಂತರೂ ಚಿಂತೆಯಿಲ್ಲ. ಪೇಟೆಯವರಿಗೆ ಇದು ರಸಭಂಗ. ನನಗೂ ಹಾಗೇ ಅನ್ನಿಸುತ್ತಿತ್ತು.

ಅಪ್ಪ "ರೊಕ್ಕ ಬೇಕಾಗಿತ್ತೇನು" ಎಂದು ಕೇಳಿದ ಆ ರಾತ್ರಿ ನಗು ನಿಂತ ಮೇಲೆ ಅಮ್ಮ ಒಂದು ಹಳೆಯ ಸಂಗತಿ ತೆಗೆದಳು. ಅಪ್ಪ ಮದುವೆಗೆ ಮುಂಚೆ ಊರ ಜಾತ್ರೆಯ ನಾಟಕದಲ್ಲಿ ದೂತನ ಪಾತ್ರ ಮಾಡಿದ್ದನಂತೆ. ಒಂದೇ ದೃಶ್ಯ, ಎರಡೇ ಮಾತು. ಯಾರೋ ವೇದಿಕೆ ಹತ್ತಿ 11 ರೂಪಾಯಿ ಕೊಟ್ಟರಂತೆ. "ದೂತನಿಗೆ ಯಾರು ಕೊಡ್ತಾರೆ! ಇವರೇ ಸುಳ್ಳು ಹೇಳ್ತಿರಬೇಕು" ಎಂದು ಅಮ್ಮ ಕಿಚಾಯಿಸಿದಳು. ಅಪ್ಪ ಗಂಭೀರವಾದ. ಕೊಟ್ಟವರ ಹೆಸರು ಹೇಳಿದ, ಅವರ ತಂದೆಯ ಹೆಸರು ಹೇಳಿದ, ಯಾವ ಓಣಿಯವರು ಎಂದ. "ಹನ್ನೊಂದು ರೂಪಾಯಿ ದೊಡ್ಡದಲ್ಲ. ದೂತ ಅಂದ್ರೂ ಅಲ್ಲಾಡದಂಗೆ ನಿಂತಿದ್ದ, ಆ ನಿಲುವಿಗೆ ಕೊಟ್ಟೀನಿ ಅಂತ ಮೈಕಿನ್ಯಾಗ ಹೇಳಿದ್ರು" ಎಂದ. ಪೇಟೆಯಿಂದ ತರಬೇಕಾದ ಮೂರು ಸಾಮಾನಿನಲ್ಲಿ ಒಂದನ್ನು ಮರೆತೇ ಬರುವ ಅಪ್ಪನಿಗೆ, ಮೂವತ್ತು ವರ್ಷದ ಹಿಂದಿನ ಆ ಒಂದು ಮಾತು ಹಾಗೇ ನೆನಪಿದೆ.

ಆಗ ನಾನೂ ಬಿಡಿಸಿ ಹೇಳಿದೆ. "ರೊಕ್ಕ ಬೇಡ ಅಪ್ಪಾ. ಅವತ್ತು ನೀನು ಹತ್ತು ಸಲ ಅಳೆದೆ. ನನಗೆ ಬೇಸರ ಬಂದಿತ್ತು. ಆಮೇಲೆ ಶಾಫ್ಟನ್ನ ಹೆಬ್ಬೆರಳಲ್ಲಿ ಒತ್ತಿದೆ, ಸುತ್ತಿಗೆ ಮುಟ್ಟಲಿಲ್ಲ. ಅದನ್ನ ನೋಡಿದೆ." ಅಪ್ಪ "ಹೂಂ" ಅಂದ. ತಟ್ಟೆಯಲ್ಲಿ ಕೈತೊಳೆದು ಎದ್ದು ಹೋದ. ಇಷ್ಟಕ್ಕೇ ಮುಗಿಯಿತು ಎಂದುಕೊಂಡೆ.

ಮೂರ್ನಾಲ್ಕು ದಿನ ಕಳೆದಿರಬೇಕು. ಶಾಲೆಯಿಂದ ಬಂದು ಮಕ್ಕಳ ಟೆಸ್ಟ್ ಪೇಪರ್ ತಿದ್ದುತ್ತಾ ಕೂತಿದ್ದೆ. ಅಪ್ಪ ಊಟದ ಚೀಲದಿಂದ ಹಳೆಯ ಪೇಪರಿನಲ್ಲಿ ಸುತ್ತಿದ ಏನನ್ನೋ ತೆಗೆದು ನನ್ನ ಮುಂದಿಟ್ಟ. ಎಣ್ಣೆ ಹತ್ತಿದ ಒಂದು ಸ್ಕ್ರೂ. ಲೇತಿನಲ್ಲಿ ಕೈಯಾರೆ ಕೊರೆದ ಥ್ರೆಡ್ಡು.

"ನಾಳೆ ಗಿರಾಕಿಗೆ ಕೊಡಬೇಕು. ಹೆಂಗೈತಿ ನೋಡಿ ಹೇಳವ್ವಾ" ಅಂದ.

ಥ್ರೆಡ್ಡಿನ ಬಗ್ಗೆ ನನಗೇನು ಗೊತ್ತು? ಚಂದ ಐತಿ ಅಂದುಬಿಡಬಹುದಿತ್ತು. ಕನ್ನಡಕ ಹಾಕಿಕೊಂಡು ಬಲ್ಬಿನ ಕೆಳಗೆ ಹಿಡಿದು ನಿಧಾನಕ್ಕೆ ತಿರುಗಿಸಿ ನೋಡಿದೆ. ಉಗುರಿನಿಂದ ಸವರಿದೆ. ಗೆರೆಗಳೆಲ್ಲ ಒಂದೇ ಸಮ, ಹೊಸ ನೋಟುಪುಸ್ತಕದ ಗೆರೆಗಳ ಹಾಗೆ. ತುದಿಯ ಹತ್ತಿರ ಮಾತ್ರ ಒಂದು ಕಡೆ ಸಣ್ಣಗೆ ಒರಟು ಅನ್ನಿಸಿತು. ಎರಡನ್ನೂ ಹೇಳಿದೆ.

ಅಪ್ಪ ಸ್ಕ್ರೂ ತೆಗೆದುಕೊಂಡು ಅದೇ ಜಾಗವನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ. "ಅದು ನಂಗೂ ಗೊತ್ತೈತಿ" ಎಂದು ಮತ್ತೆ ಪೇಪರಿನಲ್ಲಿ ಸುತ್ತಿಟ್ಟ. ಬೆಳಿಗ್ಗೆ ದಿನಕ್ಕಿಂತ ಒಂದು ಬಸ್ಸು ಮೊದಲೇ ಹರಿಹರಕ್ಕೆ ಹೋದ.